ಹಲ್ಲಿನ ಡಾಕ್ಟರಿಗೆ ಕೊಡಬೇಕಾದ ಗಾಡಿ

ನವೆಂಬರ್ 17, 2024, ಭಾನುವಾರ. ಹೊಳೆನರಸೀಪುರ

ನಿದ್ದೆ ಏಳು ಗಂಟೆ. ಮಾತ್ರೆ ಎರಡು ಹೊತ್ತೂ ಆಯಿತು. ಏನೂ ಆಗಿಲ್ಲ.

ಹಾಸನದ ಡಾಕ್ಟರು ನಮ್ಮ ಮನೆಯವರ ಬಗ್ಗೆ ದಿನಾ ಇಷ್ಟನ್ನು ಬರೆದಿಡಲು ಹೇಳಿದ್ದಾರೆ. ಮಗಳು ಮೇಘಶ್ರೀಯ ಹಳೆಯ ನೋಟ್‌ಬುಕ್ಕಿನಲ್ಲಿ ಅರ್ಧದಷ್ಟು ಹಾಳೆ ಖಾಲಿ ಇತ್ತು, ಅದನ್ನೇ ತೆಗೆದುಕೊಂಡೆ. ಒಂದು ಸಾಲಿಗಾಗಿ ಒಂದು ಪುಟ ಹಾಳು ಮಾಡಲು ಮನಸ್ಸು ಬರುವುದಿಲ್ಲ. ಉಳಿದ ಜಾಗದಲ್ಲಿ ನನಗೆ ತೋಚಿದ್ದನ್ನು ಬರೆದುಕೊಳ್ಳುತ್ತೇನೆ. ಡಾಕ್ಟರು ಮೊದಲ ಸಾಲು ಓದಿದರೆ ಸಾಕು.

ಆದದ್ದು ಇಷ್ಟು. ನಮ್ಮ ಮನೆಯವರು ಒಂದು ಪಿಕಪ್ ಗಾಡಿಗೆ ಹೆಸರು ಬರೆಸಿ ಎಂಟು ತಿಂಗಳು ಕಾದರು. ಮುಂದೆ ಐದು ಜನ ಕೂರಬಹುದು, ಹಿಂದೆ ತೆರೆದ ತೊಟ್ಟಿ. ಪಂಪ್‌ಸೆಟ್ ಅಂಗಡಿಯವರು ಪೈಪು ಸಾಗಿಸಲು ತರುತ್ತಿದ್ದಾರೆ ಎಂದು ಊರವರು ತಿಳಿದಿದ್ದರು. "ಪೈಪಿಗಲ್ಲ ಕಣ್ರೀ, ಸಂಸಾರ ಸಾಗ್ಸೋಕೆ" ಎಂದು ಇವರು ನಗುತ್ತಿದ್ದರು. ತೊಟ್ಟಿಯ ಮೇಲೆ ಗೂಡು ಕಟ್ಟಿಸಬೇಕು, ಅದರೊಳಗೆ ಪುಟ್ಟ ಅಡುಗೆಮನೆ ಆಗಬೇಕು, ರಜಾ ಬಂದಾಗಲೆಲ್ಲ ಮನೆಮಂದಿ ಹೊರಟು ಯಾವುದಾದರೂ ಗುಡ್ಡದ ಮೇಲೆ ಮಲಗಿದ್ದು ಬರಬೇಕು. ಇದು ಇವರ ಆಸೆ. ನಾಲ್ಕನೇ ತಾರೀಕು ಗಾಡಿ ಬಂತು. ಒಂಬತ್ತನೇ ತಾರೀಕು ಅಂಗಡಿಯಲ್ಲಿ ಬಿಲ್ಲು ಬರೆಯುತ್ತಿದ್ದವರು ಕುರ್ಚಿಯಿಂದ ಜಾರಿ ಬಿದ್ದು ಕೈಕಾಲು ಅದುರಿಸಿದರಂತೆ. ಯಾರೋ ಶಟರಿನ ಬೀಗದಕೈಯನ್ನು ಅಂಗೈಗೆ ತುರುಕಿದರಂತೆ. ನಾನು ಆಗ ಶಾಲೆಯಲ್ಲಿ ತ್ರಿಕೋನಗಳ ಪಾಠ ಮಾಡುತ್ತಿದ್ದೆ.

ಮೂರ್ಛೆರೋಗವಂತೆ. ಬೇಸಿಗೆಯಲ್ಲಿ ಬಿಸಿಲಿಗೆ ತಲೆಸುತ್ತು ಬಂತೆಂದು ನಾವು ಮಜ್ಜಿಗೆ ಕುಡಿಸಿದ್ದೆವಲ್ಲ, ಅದೂ ಇದೇ ಆಗಿತ್ತಂತೆ. ಮಾತ್ರೆ ತಪ್ಪಿಸಬಾರದು, ನಿದ್ದೆಗೆಡಬಾರದು. ಗಾಡಿ ಓಡಿಸುವ ಮಾತು ಈ ವರ್ಷವಂತೂ ಇಲ್ಲ, ಮುಂದಿನದು ಮುಂದೆ ನೋಡೋಣ ಎಂದರು.

ಅಂಗಳದ ಶೀಟಿನ ಕೆಳಗೆ ಗಾಡಿ ಟಾರ್ಪಾಲು ಹೊದ್ದು ನಿಂತಿದೆ. ಇವರು ಅದರತ್ತ ತಿರುಗಿಯೂ ನೋಡುವುದಿಲ್ಲ. ಕೀಲಿಯನ್ನು ನಾನು ರಾಗಿ ಡಬ್ಬದಲ್ಲಿ ಹೂತಿಟ್ಟಿದ್ದೇನೆ.

ನವೆಂಬರ್ 26, ಮಂಗಳವಾರ

ನಿದ್ದೆ ಆರೂವರೆ ಗಂಟೆ. ಮಾತ್ರೆ ಆಯಿತು. ಏನೂ ಆಗಿಲ್ಲ.

ಬಚ್ಚಲುಮನೆಯ ಚಿಲಕ ತೆಗೆಸಿದೆ. ಒಳಗೆ ಬಿದ್ದರೆ ಬಾಗಿಲು ಒಡೆಯುತ್ತ ಕೂರಲಾಗುತ್ತದೆಯೇ. ಇವರು ಸ್ನಾನಕ್ಕೆ ಹೋದಾಗ ಎರಡು ನಿಮಿಷಕ್ಕೊಮ್ಮೆ ಕರೆಯುತ್ತೇನೆ. ಇವತ್ತು ಮೂರನೇ ಸಲ ಕರೆದಾಗ ಉತ್ತರ ಬರಲಿಲ್ಲ. ತಳ್ಳಿಕೊಂಡು ಒಳಗೆ ಹೋದೆ. ಮುಖಕ್ಕೆ ಸೋಪು ಹಚ್ಚಿಕೊಂಡು ನಿಂತಿದ್ದರು.

"ಬಾಯಿ ತೆಗೆದ್ರೆ ಸೋಪು ಹೋಗುತ್ತೆ ಅಂತ ಸುಮ್ಮನಿದ್ದೆ ಸ್ನೇಹಾ. ನಾನೇನು ಮಗೂನಾ?" ಎಂದರು.

ಮಗುವಾಗಿದ್ದರೆ ಇಷ್ಟು ಕಷ್ಟವಿರಲಿಲ್ಲ. ಅಂಗಡಿಗೆ ಇವರನ್ನು ನನ್ನ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋಗುತ್ತೇನೆ. ಎತ್ತರದ ಆಳು, ಮಂಡಿ ಎರಡೂ ಕಡೆ ಚಾಚಿಕೊಂಡಿರುತ್ತದೆ. ಬಸ್‌ಸ್ಟ್ಯಾಂಡಿನ ಹತ್ತಿರ ಬಂದಾಗ ತಲೆ ತಗ್ಗಿಸಿಕೊಳ್ಳುತ್ತಾರೆ.

ಅತ್ತೆಗೆ ನನ್ನ ಮೇಲೆ ಸಿಟ್ಟು. ಬಾಗೂರಿನ ಗದ್ದೆ ಕೆಲಸ ಮಾಡಿಕೊಂಡು ಬೆಳೆದವರು, ಎಪ್ಪತ್ತೆರಡಾದರೂ ಮಾತಿನಲ್ಲಿ ಮೊನೆ ಹೋಗಿಲ್ಲ. "ಎಮ್ಮೆ ಕಾದಂಗೆ ಕಾಯ್ತೀಯಲ್ಲವ್ವಾ ನೀನು. ಎಮ್ಮೆಗಾದ್ರೂ ಮೇಯಕ್ಕೆ ಅಗ್ಗ ಬಿಚ್ತಾರೆ" ಎಂದರು. ಅವರಿಗೆ ಒಬ್ಬನೇ ಮಗ, ಸರಿ. ನನಗೂ ಒಬ್ಬನೇ ಗಂಡ.

ಡಿಸೆಂಬರ್ 1, ಭಾನುವಾರ

ನಿದ್ದೆ ಏಳು. ಮಾತ್ರೆ ಆಯಿತು. ಏನೂ ಆಗಿಲ್ಲ.

ಗಾಡಿ ಮಾರುವುದೆಂದು ಗೊತ್ತುಮಾಡಿದೆ. ಹಾಸನದಿಂದ ಹಲ್ಲಿನ ಡಾಕ್ಟರು ಶಶಿಕಿರಣ್ ಬಂದು ನೋಡಿದರು. ಟಾರ್ಪಾಲು ಎತ್ತಿದ ಕೂಡಲೇ ಅವರ ಮುಖ ಅರಳಿತು. ಟೈರು ಒತ್ತಿ ನೋಡಿದರು, ಬಗ್ಗಿ ಅಡಿ ನೋಡಿದರು.

"ಗಾಡಿ ನಂಗೆ ಒಪ್ಪಿಗೆ ಮೇಡಂ. ಆದ್ರೆ ಕ್ಯಾಂಪಿಂಗಿಗೆ ರೆಡಿ ಆಗಿರ್ಬೇಕು. ಗೂಡು, ಅಡುಗೆ ವ್ಯವಸ್ಥೆ ಎಲ್ಲಾ. ವೆಲ್ಡಿಂಗ್ ಶಾಪಿಗೆ ಅಲೆಯೋಕೆ ನಂಗೆ ಪುರಸತ್ತಿಲ್ಲ. ನೀವು ಮಾಡ್ಸಿಟ್ರೆ ಸಂಕ್ರಾಂತಿ ಕಳೆದ್ಮೇಲೆ ಬಂದು ತಗೊಂಡೋಗ್ತೀನಿ."

ಒಪ್ಪಿಕೊಂಡೆ. ಒಳಗೆ ಹೋಗಿ ಇವರಿಗೆ ಹೇಳಿದೆ. "ಯಾರಾದ್ರೂ ಓಡಿಸ್ಲಿ ಬಿಡು" ಎಂದು ಗೋಡೆ ಕಡೆ ಮಗ್ಗುಲಾದರು.

ಗೂಡು ಹೇಗಿರಬೇಕೆಂದು ಇವರು ಒಂದು ಉದ್ದದ ಪುಸ್ತಕದಲ್ಲಿ ಬರೆದಿದ್ದರು, ಎಂಟು ತಿಂಗಳು ಕಾಯುತ್ತ. ಮೇಘಾ ಅದನ್ನು ಅಂಗಡಿಯ ಡ್ರಾಯರಿನಿಂದ ಹುಡುಕಿ ತಂದಳು. ಪ್ರತಿ ಪುಟದಲ್ಲೂ ಅಳತೆ, ಬಾಣದ ಗುರುತು. ಕೊನೆಯಲ್ಲಿ: ಕೆಲಸಕ್ಕೆ ಚನ್ನರಾಯಪಟ್ಟಣದ ಪಾಲಾಕ್ಷ. ಅವರು ಟ್ರ್ಯಾಕ್ಟರ್ ಟ್ರೇಲರ್, ಸ್ಕೂಲ್ ವ್ಯಾನಿನ ಬಾಡಿ ಕಟ್ಟುವವರಂತೆ. ಅಲ್ಲಿಗೆ ಗಾಡಿ ಒಯ್ಯುವವರು ಯಾರು ಎಂಬುದೊಂದೇ ಪ್ರಶ್ನೆ. ನನ್ನ ಹತ್ತಿರ ಲೈಸೆನ್ಸ್ ಇದೆ. ಹದಿನೈದು ವರ್ಷದ ಹಿಂದೆ ಪಡೆದದ್ದು. ಆ ತಿಂಗಳೇ ಅತ್ತೆಯನ್ನು ಕೂರಿಸಿಕೊಂಡು ಶಾಲೆಯ ಗೇಟಿನ ಕಂಬಕ್ಕೆ ಕಾರು ಗುದ್ದಿದವಳು ಆಮೇಲೆ ಸ್ಟೇರಿಂಗ್ ಮುಟ್ಟಿಲ್ಲ.

ಡಿಸೆಂಬರ್ 6, ಶುಕ್ರವಾರ

ನಿದ್ದೆ ಏಳು. ಮಾತ್ರೆ ಆಯಿತು. ಏನೂ ಆಗಿಲ್ಲ.

ಅರಕಲಗೂಡು ಕಡೆಯಿಂದ ನಮ್ಮಣ್ಣ ನಟರಾಜು ಬಂದಿದ್ದಾನೆ. ಬೆಳಿಗ್ಗೆ ಆರಕ್ಕೆ ಶಾಲೆಯ ಮೈದಾನದಲ್ಲಿ ಪಾಠ. ಅವನು ಟ್ರ್ಯಾಕ್ಟರ್ ಓಡಿಸುವವನು. "ಎದ್ರುಬ್ಯಾಡ ಕಣವ್ವಾ, ಇದುನ್ನ ಎತ್ತು ಅಂದ್ಕೊ" ಎನ್ನುತ್ತಾನೆ. ಎತ್ತನ್ನೂ ನಾನು ಹೊಡೆದವಳಲ್ಲ. ಇಂದು ಹನ್ನೊಂದು ಸಲ ಇಂಜಿನ್ ಆಫ್ ಆಯಿತು. ಅತ್ತೆ ಹಟ ಹಿಡಿದು ಹಿಂದಿನ ಸೀಟಿನಲ್ಲಿ ಕೂತಿದ್ದರು. "ಬಿದ್ರೆ ಎಲ್ರೂ ಒಟ್ಗೇ ಬೀಳಾನ" ಎಂದರು. ಧೈರ್ಯ ಹೇಳಿದ್ದೋ ಏನೋ ತಿಳಿಯಲಿಲ್ಲ.

ಡಿಸೆಂಬರ್ 11, ಬುಧವಾರ

ಏಳು ಗಂಟೆ. ಆಯಿತು. ಏನೂ ಆಗಿಲ್ಲ.

ಅಣ್ಣ ಊರಿಗೆ ಹೋದ. ಗಾಡಿಯನ್ನು ಶೀಟಿನ ಕೆಳಗೆ ಹಿಂದಕ್ಕೆ ಬಿಡುತ್ತಿದ್ದೆ. ಇವರು ಜಗಲಿಯ ಮೇಲೆ ನಿಂತಿದ್ದರು. ಗಾಡಿ ಬಂದಮೇಲೆ ಮೊದಲ ಸಲ ಅದರ ಬಗ್ಗೆ ಒಂದು ಮಾತಾಡಿದರು: "ಕ್ಲಚ್ ಮೇಲಿಂದ ಕಾಲು ತೆಗಿ, ಸುಟ್ಟೋಗುತ್ತೆ." ಅಷ್ಟೇ. ಒಳಗೆ ಹೋದರು.

ಡಿಸೆಂಬರ್ 15, ಭಾನುವಾರ

ನಿದ್ದೆ ಏಳು. ಮಾತ್ರೆ ಆಯಿತು. ಏನೂ ಆಗಿಲ್ಲ.

ಚನ್ನರಾಯಪಟ್ಟಣದವರೆಗೆ ಓಡಿಸಿಕೊಂಡು ಹೋದೆ. ಪಕ್ಕದಲ್ಲಿ ಮೇಘಾ. ಒಂದು ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಒಂಬತ್ತು ಕಿಲೋಮೀಟರ್ ಹೋದೆ, ಹಿಂದೆ ಹಾಕಲು ಧೈರ್ಯವಾಗಲಿಲ್ಲ. "ಅಮ್ಮಾ, ಆ ಕಬ್ಬು ಹೋಗೋ ಕಡೆಗೇ ನಾವೂ ಹೋಗ್ಬಿಡ್ತೀವಿ" ಎಂದಳು.

ಪಾಲಾಕ್ಷ ಐವತ್ತೈದರ ಆಸುಪಾಸಿನವರು, ಹುಬ್ಬಿನ ಮೇಲೆ ಸುಟ್ಟ ಗುರುತು. ಇವರ ಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ತಿರುಗಿಸಿದರು. ಮುಚ್ಚಿ ನನ್ನ ಕೈಗೆ ಕೊಟ್ಟರು.

"ಕೆಲ್ಸ ಮಾಡಾನ ಟೀಚರಮ್ಮ. ಆದ್ರೆ ಇದುನ್ನ ಬರ್ದೋರು ಬರ್ಬೇಕು."

"ಅವರಿಗೆ ಹುಷಾರಿಲ್ಲ."

"ಏನಾಗದೆ?"

"ಫಿಟ್ಸ್."

"ಇವತ್ತು ಬಂದದಾ?"

"ಇಲ್ಲ. ಒಂದು ತಿಂಗಳಾಯ್ತು."

"ಮತ್ತೆ? ಟೇಪು ಇಡ್ಕಣಕ್ಕೆ ಬತ್ತದಲ್ವಾ. ನಾ ಒಬ್ನೇ ಎರ್ಡು ತುದಿ ಇಡ್ಕಂಡ್ರೆ ಅಳತೆ ಎಂಗ್ ಆಯ್ತದೆ."

ಎಷ್ಟು ಸಲೀಸಾಗಿ ಹೇಳಿಬಿಟ್ಟರು. ಇವರನ್ನು ಕಿಡಿ ಹಾರುವ ಜಾಗಕ್ಕೆ ಕರೆತರುವುದೆಂದರೆ ಏನೆಂದು ಆ ಮನುಷ್ಯನಿಗೇನು ಗೊತ್ತು. ಬೈದುಕೊಂಡೇ ವಾಪಸು ಬಂದೆ. ದಾರಿಯಲ್ಲಿ ಒಂದು ಬಸ್ಸನ್ನು ಹಿಂದೆ ಹಾಕಿದೆನಂತೆ. ಮೇಘಾ ಹೇಳಿದ ಮೇಲೆ ಗೊತ್ತಾಯಿತು.

ಡಿಸೆಂಬರ್ 22, ಭಾನುವಾರ

ಮಾತ್ರೆ ಆಯಿತು. ಏನೂ ಆಗಿಲ್ಲ.

ಇವರನ್ನು ಹೊರಡಿಸುವುದಕ್ಕೆ ಒಂದು ವಾರ ಬೇಕಾಯಿತು. "ಹಲ್ಲಿನ ಡಾಕ್ಟ್ರಿಗೆ ಮಾತು ಕೊಟ್ಟಿದೀವಿ, ಒಂದು ಸಲ ಬಂದು ಅಳತೆ ಹೇಳಿ, ಆಮೇಲೆ ಬರ್ಬೇಡಿ" ಎಂದು ನಾನು ಹೇಳಿ ಹೇಳಿ ಸಾಕಾದೆ. ಎಡಗಡೆ ಸೀಟಿನಲ್ಲಿ ಕೂತು ಬೆಲ್ಟು ಹಾಕಿಕೊಂಡು ಕಿಟಕಿಯಾಚೆ ನೋಡುತ್ತ ಬಂದರು. ನಾನು ಗೇರ್ ತಪ್ಪಿಸಿದಾಗ ಮಾತ್ರ ಅವರ ಎಡಗಾಲು ಒತ್ತುತ್ತಿತ್ತು.

ಪಾಲಾಕ್ಷರ ಯಾರ್ಡಿನಲ್ಲಿ ಇವರಿಗಾಗಿ ನೆರಳಿನಲ್ಲಿ ಕುರ್ಚಿ ಹಾಕಿಸಿದೆ. ಹತ್ತು ನಿಮಿಷ ಕೂತರು. ಪಾಲಾಕ್ಷ ಗೂಡಿನ ಬಾಗಿಲಿನ ಹಿಂಜನ್ನು ಬಲಗಡೆಗೆ ಇಟ್ಟು ಗುರುತು ಹಾಕುತ್ತಿದ್ದರು. ಇವರು ಎದ್ದರು.

"ಬಲಗಡೆ ಬೇಡ ಪಾಲಾಕ್ಷ. ಬಾಗಿಲು ಮೇಲಕ್ಕೆ ಎತ್ಕೊಬೇಕು. ಎತ್ತಿದ್ರೆ ಅದೇ ಮಳೆಗೆ ಚಪ್ಪರ ಆಗುತ್ತೆ. ಪುಸ್ತಕದಲ್ಲಿ ಬರೆದಿದೀನಲ್ಲ."

"ಬರ್ದಿರಾದು ನೋಡಿದ್ದೆ ಸಾ" ಎಂದರು ಪಾಲಾಕ್ಷ, ಸೀಮೆಸುಣ್ಣದ ಗುರುತು ಒರೆಸುತ್ತ. "ನೀವು ಏಳ್ತೀರೋ ಇಲ್ವೋ ಅಂತ ನೋಡ್ದೆ."

ಆಮೇಲೆ ಮೂರು ಗಂಟೆ ಕುರ್ಚಿ ಖಾಲಿ. ಆರ್‌ಟಿಒದವರು ಆಕ್ಷೇಪಿಸಿದರೆ ಅರ್ಧ ಗಂಟೆಯಲ್ಲಿ ಬಿಚ್ಚುವ ಹಾಗೆ ಇಡೀ ಗೂಡು ಬೋಲ್ಟಿನ ಮೇಲೆ ನಿಲ್ಲಬೇಕಂತೆ. ನೀರಿಗೆ ಟ್ಯಾಂಕು ಬೇಡವಂತೆ. ಆರಿಂಚಿನ ಪಿವಿಸಿ ಪೈಪಿಗೆ ಎರಡೂ ಕಡೆ ಮುಚ್ಚಳ ಹಾಕಿ, ಕಪ್ಪು ಬಣ್ಣ ಬಳಿದು ಗೂಡಿನ ನೆತ್ತಿಯ ಮೇಲೆ ಕಟ್ಟಿದರೆ ಬಿಸಿಲಿಗೆ ನೀರು ಕಾಯುತ್ತದೆ, ನಲ್ಲಿ ತಿರುಗಿಸಿದರೆ ಸ್ನಾನ. ಪೈಪಿನ ಅಂಗಡಿಯವರ ತಲೆ. ಇವರು ಒಂದೇ ಸಮನೆ ಮಾತಾಡಿದರು. ಆ ಗಂಟಲು ಇಷ್ಟು ದಿನ ಎಲ್ಲಿತ್ತೋ. ನಾನು ಹತ್ತಿರ ಹೋಗಿ ಹೋಗಿ ನಿಲ್ಲುತ್ತಿದ್ದೆ. ನಾಲ್ಕನೇ ಸಲ ಇವರು, "ಸ್ನೇಹಾ, ಕುರ್ಚಿ ಖಾಲಿ ಇದೆ, ನೀನು ಹೋಗಿ ಕೂತ್ಕೊ" ಎಂದರು. ಕೂತೆ.

ಡಿಸೆಂಬರ್ 25, ಬುಧವಾರ

ರಜೆ. ಅತ್ತೆಯೂ ಬಂದರು. ಬೆಳಿಗ್ಗೆಯೇ ತಲೆ ಬಾಚಿಕೊಂಡು, ಮುದ್ದೆ ಮಾಡುವ ತಪ್ಪಲೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಹಿಂದಿನ ಸೀಟಿನಲ್ಲಿ ಕೂತಿದ್ದರು. ಯಾಕೆಂದು ಕೇಳಿದರೆ ಹೇಳಲಿಲ್ಲ.

ತೊಟ್ಟಿಯೊಳಗಿಂದ ಜಾರಿ ಹೊರಬರುವ ಅಡುಗೆ ಕಟ್ಟೆಯನ್ನು ಪಾಲಾಕ್ಷ ತುಂಬ ಅಂದವಾಗಿ ಮಾಡಿದ್ದರು. ಎರಡು ಒಲೆ, ಚಮಚದ ಗೂಡು, ಮಡಚುವ ಹಲಗೆ. ಅತ್ತೆ ಸುತ್ತ ನೋಡಿ ಕೇಳಿದರು: "ಇದ್ರ ಮೇಲೆ ಮುದ್ದೆ ಎಂಗ್ಲಾ ತಿರುವದು?"

"ಅಂದ್ರೆ?"

"ಅಂದ್ರೆ ಏನು. ಕೋಲಲ್ಲಿ ತಿರುವ್ದಾಗ ತಪ್ಪಲೆ ತಿರಿಕ್ಕತದೆ. ಮನೇಲಾದ್ರೆ ಕವೆಗೋಲಲ್ಲಿ ಅದುಮ್ಕತೀವಿ. ಇಲ್ಲಿ ನಿಂತ್ಕಂಡು ತಿರುವದು, ಅದುಮೋರ್ಯಾರು? ನಿಮ್ಮಪ್ಪನಾ?"

ಪಾಲಾಕ್ಷ ಬೈಸಿಕೊಂಡು ನಕ್ಕರು. ತಪ್ಪಲೆ ಇಸಿದುಕೊಂಡು ಸುತ್ತಳತೆ ತೆಗೆದರು. ಊಟದ ಹೊತ್ತಿಗೆ ಒಲೆಯ ಸುತ್ತ ಒಂದು ಕಬ್ಬಿಣದ ಬಳೆ, ಅದಕ್ಕೊಂದು ತಿರುಪು. ತಪ್ಪಲೆ ಇಟ್ಟು ಬಿಗಿದರೆ ಅಲುಗುವುದಿಲ್ಲ. ಅತ್ತೆ ಖಾಲಿ ತಪ್ಪಲೆಯಲ್ಲೇ ಕೋಲು ಹಾಕಿ ನಾಲ್ಕು ಸುತ್ತು ತಿರುವಿದರು. ಗಾಡಿ ಅಲ್ಲಾಡಿತು, ತಪ್ಪಲೆ ಅಲ್ಲಾಡಲಿಲ್ಲ. "ಈಗ ಸರಿ ಕಣಪ್ಪಾ" ಎಂದರು. ಹತ್ತಲು ಒಂದು ಮೆಟ್ಟಿಲು, ಹಿಡಿಯಲು ಒಂದು ಕಂಬಿ ಕೂಡ ಕೇಳಿ ಮಾಡಿಸಿಕೊಂಡರು. ಹಲ್ಲಿನ ಡಾಕ್ಟರ ಮನೆಯಲ್ಲಿ ಮುದ್ದೆ ಮಾಡುತ್ತಾರೋ ಇಲ್ಲವೋ, ಯಾರೂ ಯೋಚಿಸಲಿಲ್ಲ.

ಡಿಸೆಂಬರ್ 29, ಭಾನುವಾರ

ಇವತ್ತು ಹೊಸ ಟೈರು ಹಾಕಿಸಿದೆವು, ಕಲ್ಲುಮಣ್ಣಿಗೆ ಹಿಡಿಯುವ ದಪ್ಪ ಕಚ್ಚಿನವು. ಹಾಸನದ ದಾರಿಯಲ್ಲಿ ಅವು ಗುಂಯ್ ಎನ್ನುತ್ತವೆ. ಇವರು ಹಾಡು ಗುನುಗುತ್ತಿದ್ದರು, ಟೈರಿನ ಶ್ರುತಿಗೆ. ರಾತ್ರಿ ಊಟಕ್ಕೆ ಕೂತಾಗಲೂ ಉದ್ದದ ಪುಸ್ತಕ ಪಕ್ಕದಲ್ಲೇ. ಬಹಳ ಬರೆಯಬೇಕೆಂದಿದ್ದೆ, ನಿದ್ದೆ ಬರುತ್ತಿದೆ.

ಜನವರಿ 5, 2025, ಭಾನುವಾರ

ನಿದ್ದೆ ನಾಲ್ಕು ಗಂಟೆ. ಮಾತ್ರೆ ಆಗಿತ್ತು. ಮಧ್ಯಾಹ್ನ ಹನ್ನೆರಡು ಇಪ್ಪತ್ತಕ್ಕೆ ಬಂತು. ಎರಡು ನಿಮಿಷ ಹತ್ತು ಸೆಕೆಂಡು.

ಯಾರ್ಡಿನಲ್ಲಿ ಇವರು ಟೇಪಿನ ಒಂದು ತುದಿ ಹಿಡಿದಿದ್ದರು, ಪಾಲಾಕ್ಷ ಇನ್ನೊಂದು. ಟೇಪು ಸರ್ರನೆ ಸುರುಳಿಯಾಗಿ ಪಾಲಾಕ್ಷರ ಕೈಗೆ ಬಡಿದ ಸದ್ದು ಕೇಳಿ ತಿರುಗಿದೆ. ಇವರು ಬೀಳುತ್ತಿದ್ದರು. ಓಡಿದೆ. ಪಕ್ಕದಲ್ಲಿದ್ದ ಕಬ್ಬಿಣದ ತುಂಡುಗಳನ್ನು ಕಾಲಿನಿಂದ ಆಚೆಗೆ ಒದ್ದೆ. ಎಡಮಗ್ಗುಲಿಗೆ ಹೊರಳಿಸಿದೆ. ದುಪಟ್ಟಾ ಮಡಚಿ ತಲೆಯ ಕೆಳಗಿಟ್ಟೆ, ಕಾಲರಿನ ಗುಂಡಿ ಬಿಚ್ಚಿದೆ, ಗಡಿಯಾರ ನೋಡಿಕೊಂಡೆ. ಯಾರೋ ಸರಳು ಹಿಡಿದು ಬಂದರು. "ಬೇಡ. ಕೈಗೂ ಕೊಡ್ಬೇಡಿ, ಬಾಯಿಗೂ ಹಾಕ್ಬೇಡಿ. ದೂರ ನಿಂತ್ಕೊಳಿ, ಗಾಳಿ ಬರ್ಲಿ" ಎಂದೆ. ಬೇರೆ ಯಾರೋ ಹೇಳಿದಂತೆ ನನ್ನ ದನಿ ನನಗೇ ಕೇಳಿಸಿತು. ಮೇಘಾ ಅಪ್ಪನ ಚಪ್ಪಲಿ ಎದೆಗೆ ಹಿಡಿದುಕೊಂಡು ನಿಂತಿದ್ದಳು.

ನಿಂತಿತು. ಕಣ್ಣು ಬಿಟ್ಟರು. ಸುತ್ತ ನಿಂತ ಜನರನ್ನು ನೋಡಿದರು, ಆಮೇಲೆ ತಮ್ಮ ಒದ್ದೆಯಾದ ಪ್ಯಾಂಟನ್ನು ನೋಡಿಕೊಂಡರು. ಪಾಲಾಕ್ಷ ಜನರನ್ನು ಚದುರಿಸಿ, ಒಳಗಿಂದ ತಮ್ಮ ಒಗೆದ ಲುಂಗಿ ತಂದುಕೊಟ್ಟರು. ಫೋನಿನಲ್ಲಿ ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ ಮಲಗಿಸಿ, ನಾಳೆ ಕರೆತನ್ನಿ ಎಂದರು. ಹಿಂದಿನ ಸೀಟಿನಲ್ಲಿ ಮೇಘಾಳ ತೊಡೆಯ ಮೇಲೆ ತಲೆಯಿಟ್ಟು ಮಲಗಿದರು. ಗೂಡಿಗೆ ಹಿಂಬಾಗಿಲು ಇನ್ನೂ ಕೂರಿಸಿರಲಿಲ್ಲ, ಹಾಗೇ ಹೊರಟೆವು. ಅಷ್ಟು ದೂರ ಹೇಗೆ ಓಡಿಸಿದೆನೋ ಗೊತ್ತಿಲ್ಲ.

ಹಿಂದಿನ ರಾತ್ರಿ ಒಂದೂವರೆವರೆಗೆ ಕೂತು ಬೆಡ್ಡಿನ ಹಲಗೆಯ ಅಳತೆ ಬರೆದಿದ್ದಾರೆ. ನಾನು ಪಕ್ಕದಲ್ಲೇ ಗಾಢವಾಗಿ ಮಲಗಿದ್ದೆ. ಇಷ್ಟು ದಿನ ಕಾದವಳು ಯಾಕೆ ಮಲಗಿದೆ.

ಎಚ್ಚರವಾದಾಗ ಇವರು ಹೇಳಿದ್ದು: "ಹೆಂಗಿದೆಯೋ ಹಂಗೇ ಕೊಟ್ಬಿಡು ಅವರಿಗೆ."

ಜನವರಿ 8, ಬುಧವಾರ

ನಿದ್ದೆ ಒಂಬತ್ತು. ಮಾತ್ರೆಯ ಪ್ರಮಾಣ ಹೆಚ್ಚಿಸಿದ್ದಾರೆ. ಏನೂ ಆಗಿಲ್ಲ. ಅಂಗಡಿಗೆ ಹೋಗಿಲ್ಲ. ಮಾತಿಲ್ಲ. ನಾನು ಮೂರು ದಿನ ರಜೆ ಹಾಕಿದ್ದೇನೆ. ಕೀಲಿ ರಾಗಿ ಡಬ್ಬಕ್ಕೆ.

ಜನವರಿ 11, ಶನಿವಾರ

ನಿದ್ದೆ ಎಂಟು. ಮಾತ್ರೆ ಆಯಿತು. ಏನೂ ಆಗಿಲ್ಲ.

ಸಂಜೆ ನಾಲ್ಕರ ಬಸ್ಸಿಗೆ ಪಾಲಾಕ್ಷ ಬಂದರು. "ಲುಂಗಿ ಇಸ್ಕಂಡೋಗಣ ಅಂತ ಬಂದೆ" ಎಂದರು. ಒಂದು ಲುಂಗಿಗೆ ಚನ್ನರಾಯಪಟ್ಟಣದಿಂದ ಯಾರೂ ಬರುವುದಿಲ್ಲ. ಇವರು ಜಗಲಿಯ ಗೋಡೆಗೆ ಒರಗಿ ಕೂತಿದ್ದರು. ಪಾಲಾಕ್ಷ ಎದುರಿಗೆ ಕೂತು ಕಾಫಿ ಕುಡಿದು ಲೋಟ ಕೆಳಗಿಟ್ಟರು.

"ನಮ್ಮಣ್ಣಂಗೂ ಇದೇ ಇತ್ತು ಸಾ" ಎಂದರು. "ಹದ್ನಾಕು ವರ್ಸ. ಬೀಳ್ತಾನೆ ಅಂತ ಬಾವಿ ತಾವ್ಕೆ ಬಿಡ್ಲಿಲ್ಲ, ಒಲ್ದ ತಾವ್ಕೆ ಬಿಡ್ಲಿಲ್ಲ, ಒಂದು ಮದ್ವೆಗೆ ಕರ್ಕಂಡೋಗ್ಲಿಲ್ಲ. ಜಗಲಿ ಮೇಲೆ ಕೂರಿಸ್ಬುಟ್ವು. ನಮ್ಮವ್ವ ಪಕ್ದಲ್ಲೇ ಕೂತು ಕಾಯ್ತಿದ್ಲು." ಇಲ್ಲಿ ನನ್ನ ಕಡೆ ತಿರುಗಿದರು. "ಪ್ರೀತಿ ಇಲ್ದೆ ಅಲ್ಲ ಟೀಚರಮ್ಮ. ಬಾಳ ಪ್ರೀತಿ ಇತ್ತು, ಅದುಕ್ಕೇ. ಫಿಟ್ಸಿಂದ ಅವ್ನಿಗೆ ಏನೂ ಆಗ್ಲಿಲ್ಲ. ಕೂತ್ಕಂಡು ಕೂತ್ಕಂಡೇ ಓಗ್ಬುಟ್ಟ."

ಅತ್ತೆ ಒಳಗಿನಿಂದ ಬಂದು ಹೊಸ್ತಿಲಲ್ಲಿ ನಿಂತಿದ್ದರು. ಪಾಲಾಕ್ಷ ಎದ್ದು ಲುಂಗಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡರು.

"ಬಾಗ್ಲು ರೆಡಿ ಅದೆ. ಯಾವಾಗ ಕೂರಿಸಾನ?"

ಇವರು ನನ್ನ ಮುಖ ನೋಡಿದರು. ನಾನು, "ನಾಳೆ ಬರ್ತೀವಿ" ಎಂದೆ. "ಆದ್ರೆ ನಮ್ಮನೆಯವರು ಇವತ್ತು ರಾತ್ರಿ ಹತ್ತಕ್ಕೆ ಮಲಗ್ಬೇಕು. ಪುಸ್ತಕ ನನ್ನ ಹತ್ರ ಇರುತ್ತೆ."

ಇವರು ತಲೆಯಾಡಿಸಿದರು. ರಾತ್ರಿ ಒಂಬತ್ತೂಮುಕ್ಕಾಲಿಗೇ ಮಲಗಿದರು.

ಜನವರಿ 19, ಭಾನುವಾರ

ಮಾತ್ರೆಯ ಸಾಲನ್ನು ಈಗ ಇವರೇ ಬರೆದಿಡುತ್ತಾರೆ, ಬೇರೆ ಪುಸ್ತಕದಲ್ಲಿ. ನನ್ನ ಅಕ್ಷರ ಡಾಕ್ಟರ ಅಕ್ಷರಕ್ಕಿಂತ ಕೆಟ್ಟದಾಗಿದೆಯಂತೆ.

ಗಾಡಿ ಪೂರ್ತಿಯಾಯಿತು. ಸಂಕ್ರಾಂತಿ ಮುಗಿಯಿತಲ್ಲ, ಹಲ್ಲಿನ ಡಾಕ್ಟರು ಹೇಳಿದ ಹಾಗೆ ಬಂದರು. ಇವರೇ ಮುಂದೆ ನಿಂತು ತೋರಿಸಿದರು. ಬಾಗಿಲು ಎತ್ತಿದರೆ ಚಪ್ಪರ. ಕಟ್ಟೆ ಎಳೆದರೆ ಅಡುಗೆಮನೆ. ಹಲಗೆ ಹಾಸಿದರೆ ಇಬ್ಬರಿಗೆ ಮಂಚ. ಅಡಿಯಲ್ಲಿ ಕಲ್ಲು ಬಡಿಯದ ಹಾಗೆ ತಗಡು. ಡಾಕ್ಟರು ತುಂಬ ಮೆಚ್ಚಿದರು.

"ಈ ಕಪ್ಪು ಪೈಪು ಮಾತ್ರ ತೆಗೆಸ್ಬಿಡ್ಬೇಕು, ನೋಡೋಕೆ ಸರಿ ಇಲ್ಲ. ಈ ಒಲೆ ಮೇಲಿನ ಬಳೆ ಯಾಕೆ?"

"ಮುದ್ದೆಗೆ" ಎಂದರು ಅತ್ತೆ.

"ನಾವು ಪಾಸ್ತಾ ಗೀಸ್ತಾ ಮಾಡ್ಕೊಳೋದು ಅಜ್ಜಿ. ಇದನ್ನೂ ಕತ್ತರಿಸಿದ್ರೆ ಆಯ್ತು."

ಅವರು ಕೀಲಿಗೆ ಕೈ ಚಾಚಿದರು. ಕೀಲಿ ನನ್ನ ಕೈಯಲ್ಲಿತ್ತು. ನನಗೆ ಒಂದು ವಿಷಯ ಹೊಳೆಯಿತು. ಇಷ್ಟೆಲ್ಲ ಹೊಸ ಕೆಲಸ ಮಾಡಿಸಿ, ಒಂದು ಸಲವೂ ಕಲ್ಲುದಾರಿಯಲ್ಲಿ ಓಡಿಸಿ ನೋಡದೆ ಇನ್ನೊಬ್ಬರಿಗೆ ಕೊಡುವುದು ಸರಿಯೇ.

"ಒಂದು ಟೆಸ್ಟ್ ಬಾಕಿ ಇದೆ ಡಾಕ್ಟ್ರೇ" ಎಂದೆ. "ಬೋಲ್ಟು ಗೀಲ್ಟು ಸಡಿಲ ಆಗುತ್ತಾ ನೋಡ್ಬೇಕು. ಮುಗಿಸಿ ಹೇಳ್ತೀನಿ."

ಅವರು ಒಪ್ಪಿ ಹೋದರು. ನಾನು ಪ್ರಾಮಾಣಿಕವಾಗಿಯೇ ಹೇಳಿದ್ದು. ಇವರು ಮತ್ತು ಅತ್ತೆ ಯಾಕೆ ಒಬ್ಬರ ಮುಖ ಒಬ್ಬರು ನೋಡಿಕೊಂಡರೋ.

ಜನವರಿ 27, ಸೋಮವಾರ

ಹಲ್ಲಿನ ಡಾಕ್ಟರು ಫೋನ್ ಮಾಡಿದ್ದರು. ಟೆಸ್ಟ್ ಆಯಿತಾ ಎಂದರು. ಈ ಶನಿವಾರ ಎಂದೆ. ಅದು ಆದಮೇಲೆ ಮಳೆಗಾಲದಲ್ಲೂ ಒಂದು ನೋಡಬೇಕಾಗುತ್ತದೆ, ಚಪ್ಪರ ಸೋರುತ್ತದೋ ಏನೋ ಎಂದೆ. "ಮೇಡಂ, ನಾನು ಬೇರೆ ಗಾಡಿ ನೋಡ್ಕೊಳ್ಳಾ?" ಎಂದರು ಅವರು. ನೋಡಿಕೊಳ್ಳಿ ಎಂದೆ. ಪಾಪ, ಒಳ್ಳೆಯವರು. ಮೇಘಾಳ ಹಲ್ಲಿನ ಕ್ಲಿಪ್ಪಿಗೆ ಅವರ ಹತ್ತಿರವೇ ಹೋಗಬೇಕು.

ಪ್ರಿಪರೇಟರಿ ಪರೀಕ್ಷೆಯ ಪೇಪರು ನಲವತ್ತು ತಿದ್ದುವುದಿದೆ. ಟೈರಿಗೆ ಗಾಳಿ ಹೊಡೆಯುವ ಪಂಪು ಮರೆಯಬಾರದು.

ಫೆಬ್ರವರಿ 1, ಶನಿವಾರ. ಅರಕಲಗೂಡು ಕಡೆ, ಅಣ್ಣನ ಹೊಲದ ಮೇಲಿನ ಬಂಡೆ

ಗುಡ್ಡದ ಮೇಲಿನ ಹಾಸುಬಂಡೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಸೂರ್ಯ ಇನ್ನೂ ಮುಳುಗಿಲ್ಲ. ಕೆಳಗೆ ಅಣ್ಣನ ಶುಂಠಿ ಹೊಲ, ಹೊಗೆಸೊಪ್ಪು ಹದ ಮಾಡುವ ಮನೆ, ಅದರಾಚೆ ಊರಿನ ಹೆಂಚು.

ಅಣ್ಣನ ಹೊಲದ ತನಕ ಕಷ್ಟವಿರಲಿಲ್ಲ. ಅಲ್ಲಿಂದ ಮೇಲಕ್ಕೆ ಗಾಡಿಜಾಡು. ಅರ್ಧ ಹತ್ತಿದ ಮೇಲೆ ಮಳೆನೀರು ಕೊರೆದ ಕೊರಕಲು, ಒಂದು ಗಾಲಿ ಅದರೊಳಗೆ ಇಳಿದು ಬರೀ ತಿರುಗಿತು. ಗಾಡಿ ಎಡಕ್ಕೆ ವಾಲಿತು. ಅತ್ತೆ ಹಿಂದೆ ಕಂಬಿ ಹಿಡಿದುಕೊಂಡು, "ನಾ ಇಳಿಯಕ್ಕಿಲ್ಲ, ನಂಗೆ ಸೀಟು ಬೆಚ್ಚಗದೆ" ಎಂದರು.

ನನಗೆ ಗೇಟಿನ ಕಂಬ ನೆನಪಾಯಿತು. "ರೀ, ನನ್ ಕೈಲಿ ಆಗಲ್ಲ. ಅಣ್ಣನ್ನ ಕರೀರಿ" ಎಂದೆ.

ಇವರು ಇಳಿದರು. ನಾಲ್ಕೂ ಟೈರಿನ ಗಾಳಿ ಅರ್ಧಕ್ಕೆ ಇಳಿಸಿದರು, ಆಗ ಹಿಡಿತ ಹೆಚ್ಚಂತೆ. ಕೊರಕಲಿಗೆ ಮೇಘಾ ಜೊತೆ ಸೇರಿ ಕಲ್ಲು ತುಂಬಿದರು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಆಮೇಲೆ ಗಾಡಿಯ ಮುಂದೆ ಪಕ್ಕಕ್ಕೆ, ಎತ್ತರದ ಒಂದು ಕಲ್ಲಿನ ಹತ್ತಿರ ಹೋಗಿ ನಿಂತು ಎರಡೂ ಕೈ ಎತ್ತಿದರು.

"ದಾರಿ ನೋಡ್ಬೇಡ ಸ್ನೇಹಾ. ನನ್ ಕೈ ನೋಡು."

ದಾರಿ ನೋಡದೆ ಗಾಡಿ ಓಡಿಸು ಎಂದವರು ಯಾರೂ ಇರಲಿಲ್ಲ. ನೋಡಿದೆ. ಕೈ ನನ್ನ ಬಲಕ್ಕೆ ಸ್ವಲ್ಪ ಆಡಿದರೆ ಸ್ಟೇರಿಂಗನ್ನು ಸ್ವಲ್ಪ ಬಲಕ್ಕೆ ತಿರುಗಿಸಿದೆ. ಅಂಗೈ ಎದುರಿಗೆ ಹಿಡಿದರೆ ನಿಂತೆ. ಬೆರಳು ಕರೆದರೆ ಬಂದೆ. ಗಾಡಿ ಗುರ್ರೆಂದು, ಒಮ್ಮೆ ಜೋಲಿ ಹೊಡೆದು, ಮೇಲೆ ಬಂತು. ಹಿಂದೆ ಅತ್ತೆಯ ತಪ್ಪಲೆ ಉರುಳಿದ ಸದ್ದು. ಇವರು ಕೈ ಇಳಿಸಲೇ ಇಲ್ಲ, ಹಾಗೇ ಹಿಂದೆ ಹಿಂದೆ ನಡೆಯುತ್ತ ಬಂಡೆಯ ತನಕ ಕರೆದುಕೊಂಡು ಬಂದರು. ಗಾಡಿ ಓಡಿಸಿದ್ದು ನಾನು. ನಮ್ಮಿಬ್ಬರಲ್ಲಿ ಹೆಚ್ಚು ಬೆವೆತವರು ಅವರು.

ಈಗ ಇವರು ಒಲೆ ಹಚ್ಚುತ್ತಿದ್ದಾರೆ. ಅವರೆಕಾಳು ಸಾರು ಆಗಿದೆ, ಮುದ್ದೆಗೆ ಎಸರು ಇಟ್ಟಾಯಿತು. ಅತ್ತೆ ತಿರುವಲು ಶುರುಮಾಡಿದರೆ ಇಡೀ ಗಾಡಿ ತೊಟ್ಟಿಲಿನಂತೆ ತೂಗುತ್ತದೆ ಎಂದು ಮೇಘಾ ಒಳಗೆ ಹೋಗಿ ಮಲಗಿಕೊಂಡಿದ್ದಾಳೆ. ಕಪ್ಪು ಪೈಪಿನ ನೀರು ನಿಜವಾಗಿಯೂ ಬಿಸಿಯಾಗಿತ್ತು. ಎರಡು ಬೋಲ್ಟು ಸಡಿಲಾಗಿವೆ. ಬರೆದಿಟ್ಟುಕೊಂಡಿದ್ದೇನೆ, ನಮ್ಮ ಗಾಡಿಯ ಮುಂದಿನ ಕೆಲಸಕ್ಕೆ ಪಾಲಾಕ್ಷರಿಗೆ ಹೇಳಬೇಕು.

ಫೆಬ್ರವರಿ 2, ಭಾನುವಾರ. ಅಲ್ಲೇ

ಎದ್ದಾಗ ಮುಖದ ಮೇಲೆ ಬಿಸಿಲು. ಎಷ್ಟು ಹೊತ್ತು ಮಲಗಿದೆನೋ. ಅತ್ತೆ ಮತ್ತು ಮೇಘಾ ಗೂಡಿನೊಳಗೆ ಇನ್ನೂ ಗೊರಕೆ ಹೊಡೆಯುತ್ತಿದ್ದರು. ನಾವಿಬ್ಬರು ಮಲಗಿದ್ದ ಟೆಂಟಿನಲ್ಲಿ ಇವರ ಹೊದಿಕೆ ಮಡಚಿ ಇಟ್ಟಿತ್ತು.

ಹೊರಗೆ ಬಂದೆ. ಇಬ್ಬನಿಗೆ ಬಂಡೆ ಒದ್ದೆಯಾಗಿತ್ತು, ಪಕ್ಕದ ಕುರುಚಲಲ್ಲಿ ಯಾವುದೋ ಹಕ್ಕಿ ಒಂದೇ ಸಮನೆ ಕೂಗುತ್ತಿತ್ತು. ಅಡುಗೆ ಕಟ್ಟೆ ಎಳೆದು ಟೀಗೆ ನೀರಿಟ್ಟೆ. ಹಾಲಿನ ಪ್ಯಾಕೆಟ್ ಎಲ್ಲಿಟ್ಟಿದ್ದೇವೆಂದು ಹುಡುಕುವುದೇ ಕೆಲಸವಾಯಿತು, ಕೊನೆಗೆ ಟೈರಿನ ಪಂಪಿನ ಡಬ್ಬದಲ್ಲಿ ಸಿಕ್ಕಿತು. ಶುಂಠಿ ಜಜ್ಜಿ ಹಾಕಿದೆ, ನಿನ್ನೆ ಅಣ್ಣ ಕಿತ್ತು ಕೊಟ್ಟದ್ದು. ಟೀ ಕುದಿಯುವಾಗ ಕೆಳಗಿನ ಹೊಲದ ಬದುವಿನಿಂದ ಇವರು ಮೇಲೆ ಬರುತ್ತಿರುವುದು ಕಂಡಿತು. ಕೈಯಲ್ಲಿ ಒಂದು ಹಿಡಿ ಹಸಿ ಅವರೆಕಾಯಿ.

ಹತ್ತಿರ ಬಂದು ಏದುಸಿರು ಬಿಡುತ್ತ ಬಂಡೆಯ ಮೇಲೆ ಕೂತರು. "ಬಾವನ ಜೊತೆ ಹೊಗೆಸೊಪ್ಪಿನ ಮನೆ ತನಕ ಹೋಗಿದ್ದೆ. ಆಮೇಲೆ ಅವರು ಹಾಲು ಹಾಕೋಕೆ ಡೈರಿಗೆ ಹೋದ್ರು, ನಾನು ಒಬ್ನೇ ಹೊಲ ಸುತ್ಕೊಂಡು ಬಂದೆ" ಎಂದರು.

"ಹೂಂ. ಟೀ ತಗೊಳಿ" ಎಂದೆ.

ಲೋಟ ತೆಗೆದುಕೊಂಡರು, ಕುಡಿಯಲಿಲ್ಲ.

"ನಾನು ಹೋಗಿ ಎಷ್ಟೊತ್ತಾಯ್ತು ಗೊತ್ತಾ ನಿಂಗೆ?"

"ಗೊತ್ತಿಲ್ಲ. ಯಾಕೆ?"

ಇವರು ಲೋಟ ಹಿಡಿದುಕೊಂಡು ಬಹಳ ಹೊತ್ತು ನನ್ನನ್ನೇ ನೋಡುತ್ತ ಕೂತರು. ಕಣ್ಣಂಚು ಒದ್ದೆಯಾದ ಹಾಗಿತ್ತು, ಒಲೆಯ ಹಬೆ ಆ ಕಡೆಗೇ ಹೋಗುತ್ತಿತ್ತು. ಏನಾಯಿತೆಂದು ಕೇಳಿದೆ. ಏನಿಲ್ಲ ಎಂದರು. ಟೀಗೆ ಸಕ್ಕರೆ ಕಡಿಮೆಯಾಗಿತ್ತೇನೋ, ಇನ್ನೊಂದು ಚಮಚ ಹಾಕಿದೆ.